ಬೆಂಗಳೂರಿನ ಹುಡುಗ, ಕರಾಚಿಯ ಹುಡುಗಿ

ಬನ್ನೂರಿನವರಾದ ನಮಗೆ ಕುರ್ಬಾನಿ ಎಂದರೆ ಮೊದಲು ನೆನಪಾಗುವುದು ಬಕ್ರೀದ್, ಆಮೇಲೆ ನಮ್ಮೂರಿನ ಕುರಿ. ಅದೇ ಹೆಸರಿನ ಸಿನಿಮಾವೊಂದು 1980ರಲ್ಲಿ ಬಂದಿತ್ತೆಂದು ತಿಳಿದದ್ದು ಕ್ಯಾಸೆಟ್ಟಿನಿಂದ. ಮದುವೆ ಮನೆಯ ಮೈಕಿನಲ್ಲಿ 'ಆಪ್ ಜೈಸಾ ಕೋಯಿ' ಬಂದರೆ ಹಿರಿಯರು ಮುಖ ಸಿಂಡರಿಸುತ್ತಿದ್ದರು. ನಾವು ಹುಡುಗರು ಶಾಮಿಯಾನದ ಹಿಂದೆ ನಿಂತು ಕೇಳುತ್ತಿದ್ದೆವು. ಅದು ಬೊಂಬಾಯಿಯ ಹಾಡೆಂದೇ ನಮ್ಮ ನಂಬಿಕೆ. ರಾಗ ಕಟ್ಟಿದವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು ಎಂದು ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ಬಿದ್ದು ಅಪ್ಪಯ್ಯ ಹುಟ್ಟಿದ್ದು 1945ರಲ್ಲಿ. 'ಟ್ರೋಜನ್ಸ್' ಎಂಬ ಗುಂಪು ಕಟ್ಟಿಕೊಂಡು ಬೆಂಗಳೂರು, ಕಲ್ಕತ್ತ, ಬೊಂಬಾಯಿಗಳಲ್ಲಿ ಗಿಟಾರ್ ಹಿಡಿದು ಇಂಗ್ಲಿಷ್ ಹಾಡುತ್ತಿದ್ದವರು. ಜೊತೆಗಾರರು ಬಿಟ್ಟುಹೋದ ಮೇಲೆ 'ಒಂಟಿ ಟ್ರೋಜನ್' ಎನಿಸಿಕೊಂಡು ಒಬ್ಬರೇ ಹಾಡಿದರು. ಅರವತ್ತರ ದಶಕದ ಕೊನೆಗೆ ಲಂಡನ್ ಸೇರಿದರು. ಹೊಟ್ಟೆಪಾಡಿಗೆ ಅಡುಗೆ ಕೆಲಸವನ್ನೂ ಮಾಡಿದರು. ಅಲ್ಲಿ ರಾಕ್ ಹಿಂದೆ ಸರಿದು ಸೋಲ್, ಫಂಕ್, ಡಿಸ್ಕೊಗಳು ಅವರ ಕೈಗೆ ಬಂದವು.

ಈ ಸಂಗೀತದ ಬೇರು ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿದೆ. ಒಬ್ಬರು ಕರೆದರೆ ಸಭೆಯೇ ಓಗೊಡುವ, ಚಪ್ಪಾಳೆಯಲ್ಲೇ ತಾಳ ಹಿಡಿಯುವ ಗಾಸ್ಪೆಲ್ ಹಾಡುಗಳವು. ಪಾದ್ರಿಯ ಮಗಳು ಅರೀಥಾ ಫ್ರಾಂಕ್ಲಿನ್ ಅಲ್ಲಿಂದಲೇ ಸೋಲ್ ಹಾಡಿಗೆ ಬಂದರು. ಜೇಮ್ಸ್ ಬ್ರೌನ್ ರಾಗವನ್ನು ಹಿಂದಿಟ್ಟು, ಆವರ್ತದ ಮೊದಲ ಪೆಟ್ಟಿಗೆ ಒತ್ತು ಕೊಟ್ಟಾಗ ಅದು ಫಂಕ್ ಆಯಿತು. ಉರುಸಿನಲ್ಲಿ ರಾತ್ರಿಯಿಡೀ ಖವ್ವಾಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಅವರಿಂದ ಬಿದ್ದು ಹಾಡಿಸಿದ 'ಕುಂಗ್ ಫೂ ಫೈಟಿಂಗ್' ತಟ್ಟೆಯ ಹಿಂಬದಿ ತುಂಬಿಸಲು ಅವಸರದಲ್ಲಿ ಮುಗಿಸಿದ ಹಾಡು. ಬ್ರಿಟನ್, ಅಮೆರಿಕ ಎರಡರಲ್ಲೂ ಅದೇ ಮೊದಲ ಸ್ಥಾನಕ್ಕೇರಿತು!

ಆಮೇಲೆ ಬಂದವರು ಫಿರೋಜ್ ಖಾನ್. ಅವರೂ ಬೆಂಗಳೂರಿನಲ್ಲೇ ಹುಟ್ಟಿದವರು. ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ-ಆನಂದ್‌ಜಿಯವರವು; ಈ ಒಂದನ್ನು ಬಿದ್ದುವಿಗೆ ಕೊಟ್ಟರು. ಹಾಡಿದವಳು ಲಂಡನ್ನಿನಲ್ಲಿದ್ದ, ಕರಾಚಿಯಲ್ಲಿ ಹುಟ್ಟಿದ ನಾಜಿಯಾ ಹಸನ್, ವಯಸ್ಸು ಹದಿನೈದು. ಅವಳಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 1981ರಲ್ಲಿ ಅಣ್ಣ-ತಂಗಿಯರಲ್ಲ, ಅಕ್ಕ-ತಮ್ಮ ನಾಜಿಯಾ, ಜೊಹೆಬ್ ಸೇರಿ 'ಡಿಸ್ಕೊ ದೀವಾನೆ' ತಂದರು. ಗಡಿಯ ಎರಡೂ ಕಡೆ ಅದೇ ಹಾಡು.

ಆದರೂ ಗಡಿ ಗಡಿಯೇ. 'ಮೇಡ್ ಇನ್ ಇಂಡಿಯಾ' ಹಾಡನ್ನೂ ಬಿದ್ದು ಮೊದಲು ನಾಜಿಯಾಗೇ ಹೇಳಿದ್ದರು. ತನ್ನ ದೇಶದವರು ನೊಂದಾರೆಂದು ಆಕೆ ಒಲ್ಲೆನೆಂದರು. 1995ರಲ್ಲಿ ಅದನ್ನು ಅಲಿಶಾ ಚಿನಾಯ್ ಹಾಡಿದರು. ನಾಜಿಯಾಗೆ ಇದ್ದ ಆ ಅಳುಕು ನಮಗೆ ಅರ್ಥವಾಗುತ್ತದೆ. ನಮ್ಮ ಮದುವೆ ಮನೆಗಳಲ್ಲೂ ಅವಳ ಊರು ಯಾವುದೆಂದು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಫಿರೋಜ್ ಖಾನ್ 2009ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು, ಅಲ್ಲೇ ದಫನ್ ಆದರು. ನಾಜಿಯಾ ಅದಕ್ಕೂ ಮೊದಲೇ, 2000ದಲ್ಲಿ, ಕ್ಯಾನ್ಸರಿನಿಂದ ಹೋಗಿಬಿಟ್ಟಿದ್ದರು. ಮೂವತ್ತೈದು ವರ್ಷ. ಅವರ ಗೋರಿ ಇರುವುದು ಲಂಡನ್ನಿನಲ್ಲಿ.