ಲಾಭದ ಲೆಕ್ಕಕ್ಕೆ ಸೇರದ ಸಾಲ

1970ನೆಯ ಇಸವಿಯ ನವೆಂಬರ್ 28ರಂದು ಜಪಾನಿನ ಒಸಾಕಾ ನಗರದಲ್ಲಿ ಚಿಸ್ಸೋ ಎಂಬ ರಾಸಾಯನಿಕ ಕಂಪನಿಯ ಷೇರುದಾರರ ಮಹಾಸಭೆ ನೆರೆದಿತ್ತು. ಬಿಳಿಯ ಯಾತ್ರಾವಸ್ತ್ರವನ್ನುಟ್ಟು ಬೌದ್ಧ ಸ್ತೋತ್ರಗಳನ್ನು ಹಾಡುತ್ತ ಬೆಸ್ತರ ಕುಟುಂಬಗಳವರು ಆ ಸಭೆಯನ್ನು ಪ್ರವೇಶಿಸಿದರು. ಅವರೂ ಷೇರುದಾರರೇ, ಒಬ್ಬೊಬ್ಬರೂ ಒಂದೊಂದೇ ಷೇರು ಕೊಂಡಿದ್ದರು. ಲಾಭಾಂಶದ ಆಸೆಯಿಂದಲ್ಲ, ಕಂಪನಿಯ ಅಧ್ಯಕ್ಷರನ್ನು ಮುಖಾಮುಖಿಯಾಗಿ ಪ್ರಶ್ನಿಸುವ ಹಕ್ಕಿಗಾಗಿ. ವಾಣಿಜ್ಯದ ಇತಿಹಾಸದಲ್ಲಿ ಇಂತಹ ಪ್ರಸಂಗ ಅಪೂರ್ವವೆಂದೇ ಹೇಳಬೇಕು.

ಇದರ ಮೂಲ ಕ್ಯೂಷು ದ್ವೀಪದ ಮಿನಮಾತಾ ಎಂಬ ಕಡಲತಡಿಯ ಊರಿನಲ್ಲಿದೆ. ಅಲ್ಲಿ 1908ರಲ್ಲಿ ನೆಲೆಯೂರಿದ ಕಾರ್ಖಾನೆ ಇಡೀ ಊರಿಗೆ ಅನ್ನದಾತನೆನಿಸಿತ್ತು. 1932ರಿಂದ ಅಲ್ಲಿ ಪಾದರಸದ ಸಹಾಯದಿಂದ ಅಸಿಟಾಲ್ಡಿಹೈಡ್ ತಯಾರಾಗತೊಡಗಿತು. ಯುದ್ಧಾನಂತರದ ಕೈಗಾರಿಕಾ ಧಾವಂತದಲ್ಲಿ ಪ್ಲಾಸ್ಟಿಕ್ ಉದ್ಯಮಕ್ಕೆ ಈ ಪದಾರ್ಥ ಹೇರಳವಾಗಿ ಬೇಕಾಯಿತು. ಉತ್ಪಾದನೆ ಏರಿದಂತೆ ಕೊಲ್ಲಿಗೆ ಹರಿದ ವಿಷವೂ ಏರಿತು. ಅದು ಮೀನು, ಚಿಪ್ಪುಗಳಲ್ಲಿ ಸಂಗ್ರಹವಾಗಿ, ಅವನ್ನು ತಿಂದವರ ಮಿದುಳನ್ನು ಕೆಡಿಸಿತು. ತಾಯಂದಿರ ಮೂಲಕ ಗರ್ಭಸ್ಥ ಶಿಶುಗಳನ್ನೂ ಬಿಡಲಿಲ್ಲ. ಮೊದಲು ಬೆಕ್ಕುಗಳು ಹುಚ್ಚೆದ್ದು ಸತ್ತವು. 1956ರ ಮೇ 1ರಂದು, ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥ ಡಾ. ಹೊಸೊಕಾವಾ ಹಾಜಿಮೆ ಅವರು ಈ ಅಜ್ಞಾತ ರೋಗವನ್ನು ಆರೋಗ್ಯಾಧಿಕಾರಿಗಳ ಗಮನಕ್ಕೆ ತಂದರು.

1959ರ ಜುಲೈನಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ವೈದ್ಯರು ಸಾವಯವ ಪಾದರಸವೇ ಕಾರಣವೆಂದು ಸಾರಿದರು. ಅದೇ ಅಕ್ಟೋಬರಿನಲ್ಲಿ, ಕಾರ್ಖಾನೆಯ ತ್ಯಾಜ್ಯ ಬೆರೆಸಿದ ಆಹಾರವನ್ನು ತಿಂದ ಬೆಕ್ಕೊಂದು ಅದೇ ರೋಗಕ್ಕೆ ತುತ್ತಾದುದನ್ನು ಹೊಸೊಕಾವಾ ಕಣ್ಣಾರೆ ಕಂಡರು. ಕಂಪನಿ ಆ ಸತ್ಯವನ್ನು ಹೊರಗೆಡಹಲಿಲ್ಲ. ಅಷ್ಟೇ ಅಲ್ಲ, ಡಿಸೆಂಬರ್ 30ರಂದು ರೋಗಿಗಳೊಡನೆ ಒಂದು ಕರಾರು ಮಾಡಿಕೊಂಡಿತು. ಅದರಂತೆ ಸತ್ತವರಿಗೆ 3 ಲಕ್ಷ ಯೆನ್, ವಯಸ್ಕ ರೋಗಿಗೆ ವರ್ಷಕ್ಕೆ 1 ಲಕ್ಷ ಯೆನ್. ಅದನ್ನು ಪರಿಹಾರವೆನ್ನದೆ ‘ಸಾಂತ್ವನದ ಹಣ’ವೆಂದು ಕರೆಯಲಾಯಿತು. ಮುಂದೆ ಕಾರ್ಖಾನೆಯೇ ಕಾರಣವೆಂದು ಸಿದ್ಧವಾದರೂ ಹೆಚ್ಚಿನದನ್ನು ಕೇಳಕೂಡದೆಂಬ ಷರತ್ತೂ ಅದರಲ್ಲಿತ್ತು. ಸತ್ಯವನ್ನು ತಿಳಿದೂ ಅರಿಯದವರಿಂದ ಸಹಿ ಪಡೆಯುವುದು ವ್ಯಾಪಾರವೇ? ವಿಷಜಲದ ಹರಿವು 1968ರವರೆಗೂ ಮುಂದುವರಿಯಿತು.

ರೋಗಿಗಳಿಗೆ ಊರೂ ಆಸರೆಯಾಗಲಿಲ್ಲ. ಕಾರ್ಖಾನೆ ಮುಚ್ಚಿದರೆ ಹೊಟ್ಟೆಗೇನು ಎಂಬ ಭಯ ನೆರೆಹೊರೆಯವರನ್ನೂ ದೂರ ಮಾಡಿತು. ಆದರೂ 1968ರ ಆಗಸ್ಟಿನಲ್ಲಿ, ರೋಗಿಗಳ ಪರವಾಗಿ ತಾವು ಹೋರಾಡದೆ ಉಳಿದುದು ನಾಚಿಕೆಗೇಡೆಂದು ಕಾರ್ಮಿಕ ಸಂಘವೊಂದು ಬಹಿರಂಗವಾಗಿ ಒಪ್ಪಿಕೊಂಡಿತು. ಮುಂದಿನ ತಿಂಗಳು ಸರ್ಕಾರವೂ ಕಾರಣವನ್ನು ಅಂಗೀಕರಿಸಿತು. 1969ರ ಜೂನ್‌ನಲ್ಲಿ 29 ಕುಟುಂಬಗಳು ದಾವೆ ಹೂಡಿದವು. ಹೊಸೊಕಾವಾ ಅವರು 1970ರಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ ಬೆಕ್ಕಿನ ಪ್ರಯೋಗದ ಬಗ್ಗೆ ಸಾಕ್ಷ್ಯ ನುಡಿದು, ಅದೇ ವರ್ಷ ತೀರಿಕೊಂಡರು. 1973ರ ಮಾರ್ಚ್ 20ರಂದು ನ್ಯಾಯಾಲಯ ಕಂಪನಿಯನ್ನು ಹೊಣೆಯಾಗಿಸಿ, ಹಳೆಯ ಕರಾರು ಲೋಕನೀತಿಗೆ ವಿರುದ್ಧವಾದುದರಿಂದ ಅಸಿಂಧುವೆಂದು ಸಾರಿತು. ಸರ್ಕಾರದ ಹೊಣೆಯನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2004ರಲ್ಲಿ. ಪಾದರಸ ನಿಯಂತ್ರಣಕ್ಕಾಗಿ 2013ರಲ್ಲಿ ಅಂಗೀಕೃತವಾದ ಜಾಗತಿಕ ಒಪ್ಪಂದ ಮಿನಮಾತಾ ಹೆಸರನ್ನೇ ಹೊತ್ತಿದೆ.

ಲೆಕ್ಕಪತ್ರ ಬಲ್ಲವರು ಒಂದು ಮಾತನ್ನು ಗಮನಿಸಬೇಕು. ಕಂಪನಿಯ ಕೀರ್ದಿ-ಖಾತೆಗಳಲ್ಲಿ ಲಾಭ-ನಷ್ಟಗಳ ಲೆಕ್ಕವಿರುತ್ತಿತ್ತು. ಕೊಲ್ಲಿಯ ಸಾಲ ಮಾತ್ರ ಯಾವ ಪುಟದಲ್ಲಿಯೂ ಇರಲಿಲ್ಲ. ಬರೆಯದ ಸಾಲ ತೀರಿದ ಸಾಲವಲ್ಲ. ಅದನ್ನು ಬೆಸ್ತರ ಮಕ್ಕಳು ತಮ್ಮ ದೇಹದಿಂದ ತೀರಿಸಿದರು. ಒಸಾಕಾದ ಸಭೆಯಲ್ಲಿ ಬಿಳಿಯುಡುಗೆಯವರು ಓದಿ ಹೇಳಿದ್ದು ಈ ಬಿಟ್ಟುಹೋದ ಪುಟವನ್ನೇ. ಸಭೆಯಲ್ಲಿದ್ದ ಇತರ ಷೇರುದಾರರು ಯಾರೂ ತಾವಾಗಿ ಕೊಲ್ಲಿಗೆ ವಿಷ ಸುರಿದವರಲ್ಲ. ಆದರೆ ಕೃತ, ಕಾರಿತಗಳಂತೆ ಅನುಮೋದನೆಯೂ ಕರ್ಮವೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ.

ನಮ್ಮ ಮನೆಗಳಲ್ಲಿ ಷೇರುಪತ್ರಗಳಿವೆ, ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ಠೇವಣಿಗಳಿವೆ. ವರ್ಷಕ್ಕೊಮ್ಮೆ ಬರುವ ವರದಿಯಲ್ಲಿ ನಾವು ಲಾಭಾಂಶದ ಸಾಲನ್ನಷ್ಟೇ ಓದಿ ಮಡಿಚಿಡುತ್ತೇವೆ. ಆ ಕಾರ್ಖಾನೆಯ ನೀರು ಎಲ್ಲಿಗೆ ಹರಿಯುತ್ತದೆಂದು ಒಂದು ಕಾಗದ ಬರೆದು ಕೇಳುವ ಹಕ್ಕು, ಒಂದೇ ಷೇರು ಉಳ್ಳವರಿಗೂ ಇದೆ.