ಮುದಿನಾಯಿಯ ಕೀಲುಬೇನೆ

ಆತಕೂರಿನ ಶಾಸನವನ್ನು ನಮ್ಮ ಇತಿಹಾಸಕಾರರು ಸಾಮಾನ್ಯವಾಗಿ ಓದುವುದು ತಕ್ಕೋಲದ ಯುದ್ಧಕ್ಕಾಗಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ನಿಂತು ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆದರೆ ಕ್ರಿ. ಶ. 949-50ರಲ್ಲಿ ಆ ಕಲ್ಲನ್ನು ನೆಟ್ಟದ್ದು ಅರಸರ ಸಲುವಾಗಿ ಅಲ್ಲ, ಕಾಳಿ ಎಂಬ ಒಂದು ಬೇಟೆನಾಯಿಯ ಸಲುವಾಗಿ. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನು, ಬೇಕಾದುದನ್ನು ಕೇಳಿಕೋ ಎಂದಾಗ ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಈ ನಾಯಿಯನ್ನು ಬೇಡಿ ಪಡೆದನು. ಮುಂದೆ ಕೆಲಲೆನಾಡಿನಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೆರನು ಕಲ್ಲು ನೆಡಿಸಿ, ಪೂಜೆಗೆಂದು ಭೂಮಿ ಬಿಡಿಸಿದನು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆಂದೂ ಬರೆಯಿಸಿದನು. ನಾಯಿ ಹಂದಿಗಳು ಸೆಣಸುವ ಕೆತ್ತನೆಯೊಡನೆ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿ ಅಂದು ಗೆದ್ದು ಬದುಕಿದ್ದರೆ? ಮೂಲೆಯಲ್ಲಿ ಮಲಗಿ ಮುದಿಯಾಗುತ್ತಿತ್ತು. ಕಲ್ಲೂ ಇರುತ್ತಿರಲಿಲ್ಲ, ಭೂಮಿಯೂ ಇರುತ್ತಿರಲಿಲ್ಲ. ಸತ್ತ ನಾಯಿಗೆ ನಮ್ಮ ಇತಿಹಾಸದಲ್ಲಿ ಎಡೆಯುಂಟು, ಮುದಿಯಾದ ನಾಯಿಗೆ ಇಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ನಾಯಿಗಳಿಗೆಂದೇ ಸಾರಮೇಯ ವಿನೋದವೆಂಬ ಭಾಗವನ್ನಿಟ್ಟನು. ಹೆಸರೇ ಹೇಳುವಂತೆ ಅದು ಅರಸನ ವಿನೋದದ ಮಾತು. ಅದೇ ಚಾಲುಕ್ಯ ಮನೆತನದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ಬರೆದನು. ಬಳಿಕ ಅಭಿನವಚಂದ್ರನು ಕುದುರೆಯ ವೈದ್ಯವನ್ನು ಬರೆದನು. ಉಳುವ ಎತ್ತಿಗೂ ದಂಡಿನ ಕುದುರೆಗೂ ವೈದ್ಯಗ್ರಂಥಗಳು ಹುಟ್ಟಿದವು. ಕುರಿ ಕಾಯುವ ನಾಯಿಯ ವೈದ್ಯ ಮಾತ್ರ ಕುರಿಗಾರನ ಕೈಯಲ್ಲೇ ಉಳಿಯಿತು.

ಆ ಕೈವೈದ್ಯ ಎಂಥದೆಂಬುದನ್ನು ಚಿತ್ರದುರ್ಗದ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಹಿರೇಗುಂಟನೂರು ಹೋಬಳಿಯಂಥ ಮಳೆ ಕಡಿಮೆಯ ಬಯಲಿನಲ್ಲಿ ಕುರುಬರಿಗೂ ಕಾಡುಗೊಲ್ಲರಿಗೂ ಕುರಿಯೇ ಬದುಕು, ಕುರಿಹಟ್ಟಿಗೆ ನಾಯಿಯೇ ಕಾವಲು. ಎಂಟು ಹತ್ತು ವರ್ಷ ಮಂದೆಯ ಹಿಂದೆ ಓಡಿದ ನಾಯಿ ಒಂದು ದಿನ ಏಳುವಾಗ ತಡವರಿಸುತ್ತದೆ. ಮುಂಗಾಲೂರಿ, ಹಿಂಗಾಲನ್ನು ಎಳೆದುಕೊಂಡು ಏಳುತ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ಸರಾಗವಾಗುತ್ತದೆ. ಚಳಿಯ ಬೆಳಗಿನಲ್ಲಿ ಬೇನೆ ಹೆಚ್ಚು. ತೊಡೆಯ ಮಾಂಸ ಇಳಿಯುತ್ತದೆ, ಮುಟ್ಟಹೋದರೆ ಗುರುಗುಟ್ಟುತ್ತದೆ. ನಾಯಿಗೆ ಸೋಮಾರಿತನ ಬಂತು, ಸಿಡುಕು ಬಂತು ಎನ್ನುವವರೇ ಬಹಳ. ವಾಸ್ತವವಾಗಿ ಎಲುಬಿನ ತುದಿಗಳನ್ನು ಹೊದೆದ ನುಣುಪಾದ ಮೃದ್ವಸ್ಥಿ ಸವೆದು, ಕೀಲು ಊದಿ ಗಡುಸಾಗಿರುತ್ತದೆ. ನಾಯಿ ನೋವನ್ನು ಕೂಗಿ ಹೇಳುವುದು ಅಪರೂಪ.

ಇದಕ್ಕೆ ಹಟ್ಟಿಯ ಮದ್ದು ಎರಡು ಬಗೆಯದು. ಲಕ್ಕಿಸೊಪ್ಪಿನ ಶಾಖ, ಉಪ್ಪಿನ ಗಂಟಿನ ಶಾಖ, ಹರಳೆಣ್ಣೆ ನೀವುವುದು ಒಂದು ಬಗೆ. ಹದವರಿತು ಕೊಟ್ಟ ಶಾಖದಿಂದ ಬಿಗಿದ ಸ್ನಾಯು ಸಡಿಲವಾಗುವುದು ನಿಜ; ಇಂದಿನ ಪಶುವೈದ್ಯರೂ ಅದನ್ನು ಅಲ್ಲಗಳೆಯರು. ಇನ್ನೊಂದು ಬರೆ. ಕಾಯಿಸಿದ ಕಬ್ಬಿಣವನ್ನು ಕೀಲಿನ ಮೇಲೆ ಎಳೆಯುವುದು. ಇದು ನಮ್ಮ ಹಳ್ಳಿಗರ ಮೌಢ್ಯವೆಂದು ಪೇಟೆಯವರು ಮೂಗು ಮುರಿಯುವಂತಿಲ್ಲ. ಯೂರೋಪಿನ ಪಶುವೈದ್ಯರೂ ಶತಮಾನಗಳ ಕಾಲ ಕುಂಟುವ ಕುದುರೆಗಳಿಗೆ ಬರೆ ಎಳೆದವರೇ. ಅದು ಇಷ್ಟು ಕಾಲ ಬಾಳಿದ್ದೇಕೆ? ಕೀಲುಬೇನೆ ಏರಿ ಇಳಿಯುವ ರೋಗ. ಅತಿಯಾದ ದಿನ ಬರೆ ಹಾಕಿದರೆ ಇಳಿದ ದಿನದ ಕೀರ್ತಿ ಬರೆಗೆ ಸಲ್ಲುತ್ತದೆ. ಸುಟ್ಟ ಗಾಯದ ಉರಿಯಲ್ಲಿ ಹಳೆಯ ನೋವು ಕೆಲದಿನ ಮರೆಯಾಗುತ್ತದೆ. ಸವೆದ ಕೀಲಿಗೆ ಅದರಿಂದ ಎಳ್ಳಷ್ಟೂ ಲಾಭವಿಲ್ಲ. ಗಾಯ ಕೀವಾಗುವ ಅಪಾಯ ಮಾತ್ರ ಉಂಟು.

ಸರ್ಕಾರದ ಪಶುವೈದ್ಯ ಬಂದಾಗಲೂ ನಾಯಿಯ ಸರದಿ ಕೊನೆಗೇ. 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾದದ್ದು ದನಗಳ ದೊಡ್ಡರೋಗದ ಭಯದಿಂದ. ಹೆಬ್ಬಾಳದ ಪಶುವೈದ್ಯ ಕಾಲೇಜು 1958ರದು. ಸಾಂಕ್ರಾಮಿಕ ರೋಗದಿಂದ ಹಟ್ಟಿಗೆ ಹಟ್ಟಿಯೇ ಬರಿದಾಗುತ್ತಿದ್ದ ಕಾಲದಲ್ಲಿ ಮುದಿನಾಯಿಯ ಕಾಲುನೋವನ್ನು ಯಾರು ಕೇಳಿಯಾರು? ಹಾಗೆ ಕೇಳದಿದ್ದುದನ್ನು ತಪ್ಪೆನ್ನಲೂ ಆಗದು.

ನೋವಿನ ಗುಳಿಗೆಯ ಚರಿತ್ರೆ ಬೇರೆಯೇ. 1899ರಲ್ಲಿ ಆಸ್ಪಿರಿನ್ ಅಂಗಡಿಗೆ ಬಂತು. ಅದು ನೋವನ್ನು ಹೇಗೆ ತಗ್ಗಿಸುತ್ತದೆಂಬುದನ್ನು ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ: ಊತವನ್ನೂ ನೋವನ್ನೂ ಎಬ್ಬಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯದ ಉತ್ಪತ್ತಿಯನ್ನೇ ಅದು ತಡೆಯುತ್ತದೆ. ಅದೇ ದ್ರವ್ಯ ಜಠರವನ್ನೂ ಮೂತ್ರಪಿಂಡವನ್ನೂ ಕಾಯುವುದರಿಂದ, ಈ ಜಾತಿಯ ಮದ್ದುಗಳೆಲ್ಲ ಎರಡಲಗಿನ ಕತ್ತಿ. ನಾಯಿಗೆಂದೇ ಪರೀಕ್ಷಿಸಿದ ಕಾರ್ಪ್ರೊಫೆನ್ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1997ರಲ್ಲಿ.

ನಮ್ಮ ದೇಶದಲ್ಲಿ ಈ ಚರಿತ್ರೆಗೆ ಒಂದು ದಾರುಣವಾದ ಅಧ್ಯಾಯ ಸೇರಿತು. 1990ರ ದಶಕದಲ್ಲಿ ದನಗಳ ನೋವಿಗೆ ಡೈಕ್ಲೊಫಿನ್ಯಾಕ್ ಅಗ್ಗವಾಗಿ ಸಿಗತೊಡಗಿತು. ಆ ಮದ್ದುಂಡು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಕಾರಣ ಬಯಲಾದದ್ದು 2004ರಲ್ಲಿ. ಪಶುಗಳಿಗೆ ಅದನ್ನು ಭಾರತ ಸರ್ಕಾರ ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಗಿಲಾಗಿ ನಾಶವಾಗಿತ್ತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಸಾರಿದ್ದು ಅಳಿದುಳಿದವುಗಳ ರಕ್ಷಣೆಗಾಗಿ. ಹದ್ದಿಲ್ಲದ ಊರಿನಲ್ಲಿ ಹೆಣ ಬೀದಿನಾಯಿಯ ಪಾಲಾಗಿ, ಬೀದಿನಾಯಿಗಳು ಹೆಚ್ಚಿದವು.

ಅದರ ಬದಲು ಹದ್ದಿಗೆ ಹಾನಿಯಿಲ್ಲವೆಂದು 2006ರಲ್ಲಿ ಕಂಡುಬಂದ ಮೆಲಾಕ್ಸಿಕ್ಯಾಮ್ ಎಂಬ ಮದ್ದೇ ಇಂದು ಮುದಿನಾಯಿಯ ಕೀಲುಬೇನೆಗೂ ವೈದ್ಯರು ಬರೆದುಕೊಡುವ ಮದ್ದುಗಳಲ್ಲಿ ಮುಖ್ಯವಾದುದು. ನಾಯಿಯ ತೂಕ ನೋಡಿ, ಮೂತ್ರಪಿಂಡದ ಸ್ಥಿತಿ ನೋಡಿ, ಉಂಡ ಮೇಲೆ ಕೊಡತಕ್ಕದ್ದು. ಮನೆಯಲ್ಲಿರುವ ಮನುಷ್ಯರ ಗುಳಿಗೆಯನ್ನೇ ಅರ್ಧ ಮುರಿದು ಹಾಕುವ ಅಭ್ಯಾಸ ಬರೆಗಿಂತ ಕೆಟ್ಟದ್ದು. ಐಬುಪ್ರೊಫೆನ್ನಿನಿಂದ ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತ ಒಸರುತ್ತದೆ, ಮೂತ್ರಪಿಂಡ ಕೆಡುತ್ತದೆ. ಪ್ಯಾರಸಿಟಮಾಲ್ ಮಿತಿ ಮೀರಿದರೆ ಯಕೃತ್ತು ಹಾಳಾಗುತ್ತದೆ. ಬರೆ ಚರ್ಮವನ್ನು ಸುಟ್ಟೀತು. ಇವು ಪ್ರಾಣವನ್ನೇ ತೆಗೆದಾವು.

ಹಣ ಬೇಡದ ಉಪಾಯವೊಂದಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಪರೀಕ್ಷೆಯ ಫಲ 2002ರಲ್ಲಿ ಹೊರಬಿತ್ತು. ಕಾಲು ಭಾಗ ಕಡಿಮೆ ತಿಂದ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು. ಕೀಲುಬೇನೆಗೆ ಮದ್ದು ಬೇಕಾದದ್ದೂ ಅವಕ್ಕೆ ಸುಮಾರು ಮೂರು ವರ್ಷ ತಡವಾಗಿ. ಕುರಿಹಟ್ಟಿಯ ನಾಯಿ ಮುದ್ದೆಯ ಚೂರಿನ ಮೇಲೆ ಬದುಕುವುದರಿಂದ ಅದಕ್ಕೆ ಬೊಜ್ಜಿನ ಭಯವಿಲ್ಲ. ಈ ಮಾತು ಪೇಟೆಯ ಮನೆಗಳಲ್ಲಿ ಸೋಫಾದ ಮೇಲೆ ಮಲಗುವ ನಾಯಿಗಳಿಗೆ. ಹಟ್ಟಿಯದಕ್ಕೆ ಬೇಕಾದದ್ದು ತಣ್ಣನೆಯ ನೆಲದಿಂದ ಮೇಲೆತ್ತಿದ ಒಂದು ಹಾಸು, ದಿನಕ್ಕೆರಡು ಬಾರಿ ನಿಧಾನದ ಸಣ್ಣ ನಡಿಗೆ, ಬೆಳೆದ ಉಗುರುಗಳನ್ನು ಕತ್ತರಿಸುವುದು. ಹರಿದ ಕಂಬಳಿ ಚಿತ್ರದುರ್ಗದ ಸೀಮೆಯ ಯಾವ ಹಟ್ಟಿಯಲ್ಲಾದರೂ ಸಿಕ್ಕೀತು. ಎರಡು ಪದರ ಮಡಿಚಿ ಹಾಸಿದರೆ ಮಾಗಿಯ ಬೆಳಗಿನಲ್ಲಿ ನಾಯಿ ಏಳುವ ಬಗೆಯೇ ಬೇರೆಯಾಗುತ್ತದೆ.