ಪ್ರೇಮಜ್ವರಕ್ಕೆ ಶಸ್ತ್ರಚಿಕಿತ್ಸೆ

ಪ್ರೇಮವು ರೋಗವೆಂದು ಸರಕಾರವೇ ಸಾರಿ, ಹದಿನೆಂಟು ತುಂಬಿದ ತರುಣ ತರುಣಿಯರಿಗೆಲ್ಲ ಮಿದುಳಿನ ಶಸ್ತ್ರಚಿಕಿತ್ಸೆಯನ್ನು ವಿಧಿಸಿದರೆ ಲೋಕವು ಹೇಗಿದ್ದೀತು? ಅಮೆರಿಕದ ಲಾರೆನ್ ಆಲಿವರ್ ಎಂಬಾಕೆ 2011ರಲ್ಲಿ ಪ್ರಕಟಿಸಿದ ‘ಡೆಲಿರಿಯಂ’ ಎಂಬ ಕಾದಂಬರಿಯು ಈ ಕಲ್ಪನೆಯ ಮೇಲೆ ನಿಂತಿದೆ. ಬೇಲಿಯಿಂದ ಸುತ್ತುವರಿದ ಪೋರ್ಟ್‌ಲೆಂಡ್ ನಗರದಲ್ಲಿ ಲೀನಾ ಎಂಬ ಹುಡುಗಿಯು ತನ್ನ ಚಿಕಿತ್ಸೆಗೆ ಉಳಿದಿರುವ ದಿನಗಳನ್ನು ಆತುರದಿಂದ ಎಣಿಸುತ್ತಿರುವಳು. ಎಳೆಯರಿಗಾಗಿ ಬರೆದ ಪ್ರಣಯಕಥೆಯೆಂದು ಇದನ್ನು ಬದಿಗಿಡುವವರುಂಟು. ಆದರೆ ಪ್ರೇಮವೆಂಬ ರೋಗ, ಮಿದುಳಿಗೆ ಶಸ್ತ್ರ, ಇವೆರಡಕ್ಕೂ ಚರಿತ್ರೆಯಲ್ಲಿ ಆಧಾರವಿದೆ.

ಕ್ರಿಸ್ತಪೂರ್ವ ಮೂರನೆಯ ಶತಮಾನದ ಆದಿಭಾಗದಲ್ಲಿ ಸಿರಿಯದ ರಾಜಕುಮಾರ ಆಂಟಿಯೋಕಸನು ಕಾರಣ ತಿಳಿಯದೆ ಸೊರಗುತ್ತಿದ್ದನಂತೆ. ಮಲತಾಯಿ ಸ್ಟ್ರಾಟೊನಿಸಳು ಕೋಣೆಗೆ ಬಂದಾಗಲೆಲ್ಲ ಅವನ ನಾಡಿ ಕೆಡುವುದನ್ನು ವೈದ್ಯ ಎರಾಸಿಸ್ಟ್ರಾಟಸನು ಗುರುತಿಸಿದನೆಂದೂ, ತಂದೆ ಸೆಲ್ಯೂಕಸನು ಆಕೆಯನ್ನು ಮಗನಿಗೇ ಮದುವೆಮಾಡಿಕೊಟ್ಟನೆಂದೂ ಪ್ಲುಟಾರ್ಕನು ಬರೆದಿರುವನು. 1037ರಲ್ಲಿ ತೀರಿಕೊಂಡ ಅವಿಸೆನ್ನನೂ ತನ್ನ ವೈದ್ಯಗ್ರಂಥದಲ್ಲಿ ಪ್ರೇಮವನ್ನು ವ್ಯಾಧಿಯೆಂದೇ ಎಣಿಸಿ, ನಾಡಿ ಹಿಡಿದು ಹೆಸರುಗಳನ್ನು ಉಚ್ಚರಿಸುತ್ತ ಪ್ರಿಯರಾರೆಂದು ಕಂಡುಹಿಡಿಯುವ ಬಗೆಯನ್ನು ತಿಳಿಸಿದ್ದಾನೆ. ಧರ್ಮಸಮ್ಮತವಾದರೆ ಕೂಡಿಸುವುದೇ ಆತನು ಹೇಳುವ ಮದ್ದು. ನಮ್ಮ ಆಲಂಕಾರಿಕರು ಹೇಳುವ ವಿರಹದ ಹತ್ತು ಅವಸ್ಥೆಗಳಲ್ಲಿಯೂ ಉನ್ಮಾದ, ವ್ಯಾಧಿ, ಮರಣಗಳು ಬರುತ್ತವೆ. ಆದರೆ ಶ್ರೀಗಂಧದ ಲೇಪಕ್ಕಿಂತ ಕಠಿನವಾದ ಚಿಕಿತ್ಸೆ ನಮ್ಮ ಕಾವ್ಯಗಳಲ್ಲಿ ಯಾವ ನಾಯಿಕೆಗೂ ಒದಗಿದಂತಿಲ್ಲ!

ಶಸ್ತ್ರವು ಬಂದುದು ಬಹಳ ಈಚೆಗೆ. ಪೋರ್ತುಗಲ್ಲಿನ ಎಗಾಸ್ ಮೋನಿಜನು 1935ರಲ್ಲಿ ಮನೋರೋಗಿಗಳ ಮಿದುಳಿನ ಮುಂಭಾಗಕ್ಕೆ ಚಿಕಿತ್ಸೆ ಮಾಡಿಸಿದನು. ಮರುವರ್ಷ ಫ್ರೀಮನ್, ವಾಟ್ಸ್ ಎಂಬಿಬ್ಬರು ಅದನ್ನು ಅಮೆರಿಕದಲ್ಲಿ ಆರಂಭಿಸಿದರು. 1949ರಲ್ಲಿ ಮೋನಿಜನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಅಷ್ಟರಲ್ಲಿ, 1941ರಲ್ಲಿಯೇ, ಮುಂದೆ ಅಮೆರಿಕದ ಅಧ್ಯಕ್ಷನಾದ ಕೆನೆಡಿಯ ತಂಗಿ ರೋಸ್‌ಮೇರಿಯು ಈ ಚಿಕಿತ್ಸೆಗೆ ಗುರಿಯಾಗಿದ್ದಳು. ಆಗ ಅವಳಿಗೆ 23 ವರ್ಷ. ಬುದ್ಧಿ ಮಂದವಾಗಿದ್ದ ಮಗಳ ಸಿಟ್ಟು, ಅಲೆದಾಟಗಳು ಅಡಗಲೆಂದು ತಂದೆಯೇ ಮಾಡಿದ ಏರ್ಪಾಡದು. ಅವಳ ನಡಿಗೆಯೂ ಮಾತೂ ಹೋದವು. 2005ರಲ್ಲಿ ಸಾಯುವವರೆಗೂ ಪರರ ಆರೈಕೆಯಲ್ಲಿಯೇ ಉಳಿದಳು.

ಕಾದಂಬರಿಯ ಹಿರಿಯರೂ ಇಂಥವರೇ; ಕ್ರೂರಿಗಳೆನ್ನುವಂತಿಲ್ಲ. ಮಕ್ಕಳು ಸುಖವಾಗಿರಲೆಂದೇ ಅವರ ಬಯಕೆ. ಆದರೆ ಪ್ರಣಯವನ್ನಷ್ಟೇ ಕತ್ತರಿಸಿ ಮಿಕ್ಕುದನ್ನು ಉಳಿಸಬಲ್ಲ ಶಸ್ತ್ರವಿಲ್ಲ. ಗುಣವಾದ ತಾಯಂದಿರಿಗೆ ಕೂಸು ಅತ್ತರೂ ಕರುಳು ಮಿಡಿಯದು. ಆಲಿವರಳ ಕೃತಿಯ ಸತ್ತ್ವವೆಲ್ಲ ಇಲ್ಲಿದೆ; ಲೀನಾ ಮತ್ತು ಅಲೆಕ್ಸ್ ಎಂಬ ತರುಣನ ಪ್ರೇಮಪ್ರಸಂಗವು ಇದರ ಮುಂದೆ ಸಾಧಾರಣವೇ ಸರಿ. ಲೀನಾಳ ತಾಯಿಗೆ ಮೂರು ಸಲ ಚಿಕಿತ್ಸೆಯಾದರೂ ಫಲಿಸಲಿಲ್ಲ. ಆಕೆ ಆತ್ಮಹತ್ಯೆ ಮಾಡಿಕೊಂಡಳೆಂದು ಮಗಳು ವರ್ಷಗಟ್ಟಲೆ ನಂಬಿದ್ದಳು. ಕೊನೆಗೆ ಅಲೆಕ್ಸನೊಡನೆ ಸೆರೆಮನೆಯನ್ನು ಹೊಕ್ಕು ನೋಡಿದರೆ ತಾಯಿಯ ಕೋಣೆ ಬರಿದಾಗಿದೆ. ಗೋಡೆಯ ತುಂಬ ಪ್ರೀತಿಯೆಂಬ ಒಂದೇ ಮಾತನ್ನು ಕೊರೆದಿದೆ, ಕೊರೆದು ಕೊರೆದು ಒಂದೆಡೆ ಗೋಡೆಯೇ ತೂತಾಗಿದೆ.